ಹಂಡನ ಬೆನ್ನಿನ ಭಾರ

ಕಾಡಿಗೆ ಇನ್ನೂ ಯಾರೂ ಗಡಿ ಹಾಕದಿದ್ದ ಕಾಲ. ಹೊನ್ನಗಿರಿಯೆಂಬ ರಾಜ್ಯದಲ್ಲಿ ಹಂಡನೆಂಬ ಎತ್ತು ಇದ್ದ. ಉಪ್ಪು ಹೊತ್ತು ಸಾಗುವ ನೂರು ಎತ್ತುಗಳ ಮುಂದೆ, ಕೊರಳಿಗೆ ಗಂಟೆ ಕಟ್ಟಿಕೊಂಡು ನಡೆಯುವವನು ಅವನು. ಹಳ್ಳ ಬಂದರೆ ಗಂಟೆಯೆತ್ತು ನಿಲ್ಲಬೇಕು. ಕಟ್ಟಕಡೆಯ ಎತ್ತು ಬಂದು ಸೇರುವವರೆಗೆ ನೀರಿಗೆ ಕಾಲಿಡಬಾರದು. ಹನ್ನೆರಡು ವರ್ಷ ಹಂಡ ಹಾಗೇ ನಿಂತಿದ್ದ.

ಮುಪ್ಪು ಬಂತೆಂದು ಹೇರು ಇಳಿಸಿ ಕಾಡಿಗೆ ಬಿಟ್ಟರು. ಹೇರು ಇಳಿಯಿತು, ಭಾರ ಇಳಿಯಲಿಲ್ಲ. ಮಲಗಿದರೂ ಭಾರ, ಎದ್ದರೂ ಭಾರ. ಆ ಕಾಡಿನಲ್ಲಿ ಅವನಿಗೆ ಗೆಳತಿಯಾದವಳು ಸೂಜವ್ವ, ಒಂದು ಮುದಿ ಮುಳ್ಳುಹಂದಿ.

"ಬೆಳ್ಳಿಬೆಟ್ಟದ ತುದೀಲಿ ಒಂದು ಬಾಗಿಲಿದೆಯಂತೆ ಸೂಜವ್ವ. ಅದರ ಬೆಳಕು ಮೈಗೆ ಬಿದ್ದರೆ ಎಂಥ ಭಾರವೂ ಇಳಿಯುತ್ತಂತೆ. ಹೋಗಿ ನೋಡ್ತೀನಿ."

"ಹೋದವರು ಯಾರಾದ್ರೂ ವಾಪಸ್ ಬಂದು ಹೇಳಿದ್ರಾ?"

"ಯಾರೂ ಬಂದಿಲ್ಲ."

"ಹಾಗಾದ್ರೆ ಒಂದೋ ಅಲ್ಲಿ ಭಾರೀ ಸುಖ, ಇಲ್ಲಾ ಭಾರೀ ಮೋಸ. ನಡಿ, ನಾನೂ ಬರ್ತೀನಿ."

"ಬೆನ್ನ ಮೇಲೆ ಕೂತ್ಕೋ."

"ಬೇಡಪ್ಪಾ. ನಡೆದೇ ಬರ್ತೀನಿ, ನಿನ್ನ ತೊಗಲು ಉಳೀಲಿ."

ಮೊದಲ ಹಳ್ಳದ ನೀರು ಹಾಲಿನಂತೆ ಬೆಳ್ಳಗಿತ್ತು. ನೀರೊಳಗಿಂದ ದನಿ ಬಂತು: "ಒಬ್ಬನೇ ಬಾ, ಬೇಗ ಬಾ." ಹಂಡನ ಕಾಲು ತಾನಾಗಿ ನಿಂತಿತು. ಸೂಜವ್ವ ಏದುಸಿರು ಬಿಡುತ್ತಾ ಬಂದ ಮೇಲೆ ಇಬ್ಬರೂ ದಾಟಿದರು.

ಎರಡನೆಯ ಹಳ್ಳದಲ್ಲಿ ಹಬೆ ಏಳುತ್ತಿತ್ತು. ಅದೇ ದನಿ: "ಒಬ್ಬನೇ ಬಾ, ಬೇಗ ಬಾ. ಇನ್ನೊಂದು ಗಳಿಗೆಗೆ ನೀರು ಕುದಿಯುತ್ತೆ." ಹಂಡನ ಕಾಲು ಮತ್ತೆ ನಿಂತಿತು. ಸೂಜವ್ವ ಬಂದಳು. ನೀರು ಕುದಿಯಲಿಲ್ಲ.

"ಈ ದನಿ ಸುಳ್ಳು ಹೇಳ್ತದೆ ಕಣೋ."

"ದನಿ ಸುಳ್ಳಿರಬಹುದು. ಬೆಳಕೂ ಸುಳ್ಳಾದ್ರೆ ನಾನೆಲ್ಲಿಗೆ ಹೋಗಲಿ?"

ಮೂರನೆಯ ಹಳ್ಳದಲ್ಲಿ ನೀರೇ ಇಲ್ಲ, ಬರೀ ಮಂಜು. ಅದರಾಚೆ ತೆರೆದ ಬಾಗಿಲು. ಹೊಸ್ತಿಲ ಮೇಲೆ ನಿಂತಿದ್ದವನು ಬೂದಿಗಣ್ಣನೆಂಬ ಮಾಂತ್ರಿಕ. ಒಂಟಿಯಾಗಿ ಬಂದವರನ್ನೆಲ್ಲ ಕಲ್ಲು ಮಾಡಿ ಕೋಟೆ ಕಟ್ಟಿದವನು.

ಬಾಗಿಲ ಬೆಳಕು ಹಂಡನ ಹಣೆಗೆ ಬಿತ್ತು. ಭಾರ ನಿಜಕ್ಕೂ ಇಳಿಯಿತು. ಅದರ ಜೊತೆಗೆ ಹನ್ನೆರಡು ವರ್ಷದ ರೂಢಿಯೂ ಇಳಿದುಹೋಯಿತು. ಈ ಸಲ ಕಾಲು ತಾನಾಗಿ ನಿಲ್ಲಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ.

ಕೆಳಗಿನಿಂದ ಸೂಜವ್ವ ಕೂಗಿದಳು: "ಹಂಡಾ, ನನ್ನ ಕಾಲು ಕಲ್ಲಿನಡಿ ಸಿಕ್ಕಿದೆ. ನೀನು ಹೋಗಪ್ಪ. ಇಷ್ಟು ದೂರ ಬಂದಿದ್ದು ಅದಕ್ಕೇ ಅಲ್ವಾ?"

"ಈ ಗಳಿಗೆ ಕಳೆದರೆ ಬಾಗಿಲು ನಿನಗೆ ಮತ್ತೆ ತೆರೆಯಲ್ಲ," ಎಂದ ಬೂದಿಗಣ್ಣ. "ಆ ಮುಳ್ಳಿನ ಮುದುಕಿ ನಿನಗೆ ಏನಾಗಬೇಕೋ, ಉಪ್ಪಿನೆತ್ತೇ?"

ಹಂಡನ ಕಣ್ಣು ತುಂಬಿತು. ಬೆಳಕನ್ನು ಕೊನೆಯ ಸಲ ನೋಡಿದ.

"ಕಡೆಯವಳು ಇನ್ನೂ ಬಂದಿಲ್ಲ," ಎಂದು ತಿರುಗಿದ. ತಿರುಗಿದ ಕೂಡಲೇ ಹಳೆಯ ಭಾರವೆಲ್ಲ ಬೆನ್ನೇರಿತು. ಹಾಗೇ ಕೆಳಗಿಳಿದ, ಕೊಂಬಿನಿಂದ ಕಲ್ಲು ಸರಿಸಿದ, ಮಂಡಿಯೂರಿದ.

"ಹತ್ತು."

"ಚುಚ್ಚುತ್ತೆ ಕಣೋ."

"ಚುಚ್ಚಲಿ."

ಅಷ್ಟರಲ್ಲಿ ಗಳಿಗೆ ಕಳೆಯಿತು. ತೆರೆದಾಗಲೆಲ್ಲ ಆ ಬಾಗಿಲಿಗೆ ಒಂದು ಒಂಟಿ ಜೀವ ಬೇಕು. ಅಲ್ಲಿ ಒಂಟಿಯಾಗಿದ್ದವನು ಈಗ ಬೂದಿಗಣ್ಣನೊಬ್ಬನೇ. ನಿಂತಲ್ಲೇ ಕಲ್ಲಾದ. ಬೆಳಕು ಆರಿತು. ಕೋಟೆಯ ಕಲ್ಲುಗಳು ಮೈ ಕೊಡವಿ ಜಿಂಕೆ, ತೋಳ, ಕರಡಿ, ನವಿಲುಗಳಾಗಿ ಎದ್ದವು.

"ಬೆಳಕು ಹೋಯ್ತಲ್ಲೋ," ಎಂದಳು ಸೂಜವ್ವ. "ನಿನ್ನ ಭಾರ?"

ಹಂಡ ನಾಲ್ಕು ಹೆಜ್ಜೆ ನಡೆದು ನೋಡಿದ. ಇನ್ನೂ ನಾಲ್ಕು ಹೆಜ್ಜೆ ನಡೆದ.

"ನಿನ್ನದೊಂದೇ," ಎಂದ.

ಎಲ್ಲವೂ ಬೆಟ್ಟ ಇಳಿದವು. ಹಳ್ಳದ ದಡದಲ್ಲಿ ಹಂಡ ನಿಂತ. ಕಟ್ಟಕಡೆಯದಾಗಿ ಕುಂಟುತ್ತಾ ಒಂದು ಜಿಂಕೆಮರಿ ಬಂದು ಸೇರಿತು. ಆಮೇಲೆ ಎಲ್ಲರೂ ಕೂಡಿ ದಾಟಿ, ಹೊನ್ನಗಿರಿಯ ಕಾಡಿನಲ್ಲಿ ಬಹುಕಾಲ ನೆಮ್ಮದಿಯಾಗಿದ್ದರು.