ಇಬ್ಬರು ಕೆಂಪಕ್ಕಂದಿರು

ಮೊದಲು ಚಪ್ಪಲಿ ಬಿಟ್ಟು, ಗೋಡೆಯ ಪಕ್ಕ ಜೋಡಿಸಿಟ್ಟು, ಆಮೇಲೆ ಬೆಲ್ ಒತ್ತುವ ಮನುಷ್ಯ ಮಂಗಳಗೌರಿಗೆ ಗೊತ್ತಿದ್ದವರಲ್ಲಿ ಒಬ್ಬನೇ. ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಆದರೂ ಬೆಲ್ ಆಗುವವರೆಗೆ ಕಾದು ತೆರೆದಳು.

"ಬನ್ನಿ ಅಣ್ಣ."

ಅಂಜಿನಮೂರ್ತಿ ನಕ್ಕ. 'ಅಣ್ಣ' ಎಂದಾಗಲೆಲ್ಲ ಅವನ ನಗು ಅರೆಗಳಿಗೆ ತಡವಾಗಿ ಬರುತ್ತಿತ್ತು. ಇಪ್ಪತ್ತೆರಡು ವರ್ಷದಿಂದಲೂ ಹಾಗೆಯೇ.

"ಫೋನಲ್ಲೇ ಹೇಳ್ಕೊಟ್ಟಿದ್ರೆ ನಾನೇ ಮಾಡ್ತಿದ್ದೆ. ಪಾವಗಡದಿಂದ ಈ ಬಿಸಿಲಲ್ಲಿ ಯಾಕೆ ಬರೋಕೆ ಹೋದ್ರಿ?"

"ನಾನೇ ಹಾಕಿದ್ದ ಕಂಪ್ಯೂಟರಲ್ವಾ. ಮನಸು ತಡೀಲಿಲ್ಲ, ಬಂದ್ಬುಟ್ಟೆ." ಅವನು ಕೈಚೀಲದಿಂದ ಒಂದು ಡಬ್ಬಿ ತೆಗೆದ. "ಜ್ಯೋತಿ ಕಳ್ಸವ್ಳೆ. ಕಡ್ಲೆಕಾಯಿ ಚಟ್ನಿಪುಡಿ. ಗೌರಕ್ಕಂಗೆ ಖಾರ ಆಗಲ್ಲ ಅಂತ ನಿಂಗೇ ಬೇರೆ ಕುಟ್ಟವ್ಳೆ."

ಡಬ್ಬಿಯ ಮುಚ್ಚಳಕ್ಕೆ ಸುತ್ತಿದ್ದ ದಾರವನ್ನು ಮಂಗಳಗೌರಿ ಬೆರಳಿನಿಂದ ಸವರಿದಳು. ಜ್ಯೋತಿಲಕ್ಷ್ಮಿ ಅಂಥ ಹೆಂಡತಿ. ಗಂಡನ 'ತಂಗಿ'ಯ ನಾಲಿಗೆಯನ್ನೂ ನೆನಪಿಟ್ಟವಳು.

ಹಳೆಯ ಕಂಪ್ಯೂಟರು ಅವಳ ಅಪ್ಪ ಗಂಗಯ್ಯ ಮೇಷ್ಟ್ರದು. ಮೇಷ್ಟ್ರು ರಜೆ ಸಿಕ್ಕಾಗಲೆಲ್ಲ ಸೈಕಲ್ಲಿನಲ್ಲಿ ಶಿರಾ, ಕೊರಟಗೆರೆ, ಪಾವಗಡದ ಊರುಗಳನ್ನು ಸುತ್ತಿ ತಮ್ಮ ಜನದ ವಂಶಾವಳಿ ಬರೆದುಕೊಂಡಿದ್ದರು. ಹುಡುಗ ಹುಡುಗಿಯ ಮಾತುಕತೆ ಆಗುವ ಮೊದಲು ಎಲ್ಲರೂ ಅವರ ಬಳಿ ಬಂದು ಮದುವೆಗೆ ಸಲ್ಲುವ ವರಸೆಯೋ ಅಲ್ಲವೋ ಎಂದು ಕೇಳಿಕೊಂಡು ಹೋಗುತ್ತಿದ್ದರು. ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಈಗ ಕಂಪ್ಯೂಟರೂ ಗೊರಗೊರ ಸದ್ದು ಮಾಡುತ್ತಿತ್ತು. ಮಂಗಳಗೌರಿ ಹೊಸ ಲ್ಯಾಪ್‌ಟಾಪ್ ತಂದಳು. ಆದರೆ ವಂಶವೃಕ್ಷದ ಆ ಫೈಲು ಅದರಲ್ಲಿ ತೆರೆಯಲಿಲ್ಲ. ಫೈಲು ತೀರಾ ಹಳತು, ಮೊದಲು ಹಳೆಯ ಕಂಪ್ಯೂಟರಿನಲ್ಲೇ ಸಾಫ್ಟ್‌ವೇರನ್ನು ಹೊಸದು ಮಾಡಿ, ಆಮೇಲೆ ತನ್ನಿ ಎಂದಿತು ಲ್ಯಾಪ್‌ಟಾಪು.

ಹಾಗೆಂದು ಅವಳು ಫೋನಿನಲ್ಲಿ ಹೇಳಿದಾಗ ಅಂಜಿನಮೂರ್ತಿ ಯಾವ ಫೈಲು ಎಂದು ಎರಡು ಸಲ ಕೇಳಿದ. ಆಮೇಲೆ, "ನೀನೇನೂ ಮುಟ್ಟಬ್ಯಾಡ ಗೌರಿ, ಭಾನುವಾರ ಬತ್ತೀನಿ" ಎಂದಿದ್ದ.

ಮೊದಲೂ ಅವನು ಬರುತ್ತಿದ್ದುದು ಭಾನುವಾರವೇ. ಆಗ ಶಿರಾದಲ್ಲಿ ಅವನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಮೇಷ್ಟ್ರ ನೋಟ್‌ಬುಕ್ಕುಗಳಿಂದ ಅವಳು ಹೆಸರು ಓದುವುದು, ಅವನು ಟೈಪ್ ಮಾಡುವುದು.

"ಅಡವಯ್ಯನ ಮಗ ಗಂಗಣ್ಣ, ಗಂಗಣ್ಣನ ಮಗ ಅಡವಯ್ಯ, ಅವನ ಮಗ ಗಂಗಣ್ಣ."

"ಏನ್ ಮೇಡಂ, ನಿಮ್ಮ ಜನಕ್ಕೆ ಹೆಸರಿಗೂ ಬರವಾ?"

"ನಿಮ್ಮ ಜನ ಬೇರೆ ಅಲ್ಲ ಕಣ್ರೀ. ನಿಮ್ಮ ತಾತನ ಹೆಸರೇನು ಸ್ವಲ್ಪ ಹೇಳಿ?"

"...ಅಂಜಿನಪ್ಪ."

ಅವಳು ನೋಟ್‌ಬುಕ್ಕಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಐದು ನಿಮಿಷ ಯಾರೂ ಕೀ ಒತ್ತದಿದ್ದರೆ ಪರದೆ ಕಪ್ಪಾಗುತ್ತಿತ್ತು. ಆ ಕಪ್ಪು ಗಾಜಿನಲ್ಲಿ ಹಿಂದೆ ಕುಳಿತ ಅವಳ ಮುಖ ಕಾಣುತ್ತಿತ್ತು. ಅವನು ಆಗ ಮೌಸ್ ಮುಟ್ಟುತ್ತಲೇ ಇರಲಿಲ್ಲ. ಅದು ಗೊತ್ತಾದ ಮೇಲೆ ಅವಳೂ ಮುಂದಿನ ಹೆಸರು ಓದುವುದನ್ನು ಬೇಕೆಂದೇ ತಡ ಮಾಡುತ್ತಿದ್ದಳು. ನಾಲ್ಕು ತಿಂಗಳು ಹೀಗೇ ಕಳೆದವು. ಬಾಯಿಬಿಟ್ಟು ಆಡಿದ ಮಾತು ಒಂದೇ: "ಮೇಷ್ಟ್ರನ್ನ ಕೇಳಲಾ?" ಅವಳು ತಲೆಯಾಡಿಸಿದ್ದಳು, ಗಾಜಿನೊಳಗೇ.

ಅಪ್ಪ ಸಂತೋಷದಿಂದಲೇ ವರಸೆ ನೋಡಲು ಕುಳಿತರು. ಅವಳ ಅಮ್ಮನ ಅಜ್ಜಿ ಚನ್ನರಾಯನದುರ್ಗದ ಕೆಂಪಕ್ಕ. ಅವನ ಅಮ್ಮನ ಅಜ್ಜಿಯೂ ಚನ್ನರಾಯನದುರ್ಗದ ಕೆಂಪಕ್ಕ. ಇಬ್ಬರೂ ಒಬ್ಬರೇನಾ ಎಂದು ಸಾಫ್ಟ್‌ವೇರ್ ಕೇಳಿತು. ಗಂಡಂದಿರ ಹೆಸರು ಬೇರೆ ಬೇರೆ ಇತ್ತು. "ಮೊದಲನೆಯವನು ಸತ್ತ ಮೇಲೆ ಕೂಡಿಕೆ ಆಗಿರ್ತಾಳೆ. ನಮ್ಮಲ್ಲಿ ಅದೇನು ಹೊಸದಾ?" ಎಂದರು ಅಪ್ಪ. ಗಂಡ ಸತ್ತವಳು ಇನ್ನೊಬ್ಬನ ಜೊತೆ ಸಂಸಾರ ಹೂಡುವುದು ಅವರಲ್ಲಿ ಇದ್ದದ್ದೇ. ಅಂಜಿನಮೂರ್ತಿ 'ಹೌದು' ಒತ್ತಿದ. ಕೆಂಪಕ್ಕಂದಿರು ಒಂದಾದರು. ಅಲ್ಲಿಗೆ ಇವರಿಬ್ಬರ ಅಮ್ಮಂದಿರು ಅಕ್ಕತಂಗಿಯರ ಮಕ್ಕಳಾದರು.

ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅಣ್ಣ-ತಂಗಿ ಆಗ್ತೀರಲ್ಲಮ್ಮ," ಎಂದರು ಮೆಲ್ಲಗೆ.

ಮುಂದಿನ ವರ್ಷ ಅವನಿಗೆ ಮದುವೆಯಾಯಿತು. ಅವಳು ಮಧುಗಿರಿಯ ಕಾಲೇಜೊಂದರಲ್ಲಿ ಲೈಬ್ರೇರಿಯನ್ ಆದಳು. ಬಂದ ಗಂಡುಗಳನ್ನೆಲ್ಲ ಬೇಡ ಎಂದಳು. ಕಳೆದುಕೊಂಡ ದುಃಖವನ್ನು ಹೇಗೋ ನುಂಗಬಹುದಿತ್ತು. ಆದರೆ ಅಣ್ಣನಾಗುವವನನ್ನು ಹಾಗೆ ನೋಡಿದೆನಲ್ಲ, ಈಗಲೂ ಮನಸ್ಸು ಅವನನ್ನೇ ನೆನೆಯುತ್ತದಲ್ಲ ಎಂಬ ನಾಚಿಕೆ ಮಾತ್ರ ಗಂಟಲಲ್ಲೇ ಉಳಿದಿತ್ತು. ದೇವರ ಮುಂದೆ ದೀಪ ಹಚ್ಚುವಾಗಲೂ ಅದೊಂದು ಮಾತಿಗೆ ಅವಳು ತಲೆ ತಗ್ಗಿಸುತ್ತಿದ್ದಳು.

"ಆಯ್ತಾ ಬಂತು," ಎಂದ ಅಂಜಿನಮೂರ್ತಿ. ಕಿವಿಯ ಹತ್ತಿರ ನರೆತ ಕೂದಲು. ಕೀಲಿಮಣೆಯ ಮೇಲೆ ಓಡುವ ಬೆರಳು ಮಾತ್ರ ಅಂದಿನದೇ. "ಹೊಸ ವರ್ಷನ್ ಹಾಕಿದೆ. ಈಗ ಎಲ್ಲ ಹೆಸರೂ ಒಂದ್ಸಲ ತಾಳೆ ನೋಡ್ತದೆ. ಹೊತ್ತಾಗ್ತದೆ. ಗೌರಿ, ಒಂದ್ಲೋಟ ಕಾಫಿ ಕೊಡ್ತೀಯಾ?"

ಅವಳು ಅಡುಗೆಮನೆಗೆ ಹೋಗಿ ಹಾಲು ಒಲೆಗಿಟ್ಟಳು. ಸಕ್ಕರೆ ಡಬ್ಬಿಯ ಮೇಲೆ ಕೈ ಇಟ್ಟವಳು ಅಲ್ಲೇ ನಿಂತಳು. ಈ ಮನುಷ್ಯ ಕಾಫಿ ಕುಡಿದದ್ದನ್ನು ಅವಳು ಕಂಡೇ ಇಲ್ಲ. ಈ ಮನೆಯಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವನೂ ಅಲ್ಲ.

ಒಲೆ ಆರಿಸಿ ಹಿಂದಿರುಗಿದಳು. ಅವನು ಪರದೆಯನ್ನು ಬಾಗಿಲಿಗೆ ಬೆನ್ನಾಗುವಂತೆ ತಿರುಗಿಸಿಕೊಂಡಿದ್ದ.

"ಅಣ್ಣ, ಏನದು?"

"ಏನಿಲ್ಲ. ಸಣ್ಣ ತಪ್ಪು. ಸರಿ ಮಾಡ್ತೀನಿ."

"ನಾನೂ ನೋಡ್ತೀನಿ, ಈಚೆ ತಿರುಗಿಸಿ."

"ಬ್ಯಾಡ ಗೌರಿ." ಅವನು ಪರದೆಯ ಅಂಚು ಹಿಡಿದುಕೊಂಡ.

ಅವಳೇ ತಿರುಗಿಸಿದಳು. ಪರದೆಯ ಮೇಲೆ ಕೆಂಪು ಗುರುತು, ಅದರ ಕೆಳಗೆ ಕೆಂಪಕ್ಕನ ಹೆಸರು. ಈ ತಾಯಿಗೆ ನಾಲ್ಕು ತಿಂಗಳ ಅಂತರದಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದ್ದಾರೆ, ಈ ಕೆಂಪಕ್ಕ ಒಬ್ಬಳೋ ಇಬ್ಬರೋ ಎಂದು ಸಾಫ್ಟ್‌ವೇರ್ ಕೇಳುತ್ತಿತ್ತು. ಆ ಹುಟ್ಟಿದ ದಿನಾಂಕಗಳನ್ನು ಆಮೇಲಿನ ವರ್ಷಗಳಲ್ಲಿ ಶಾಲೆಯ ದಾಖಲಾತಿ ಪುಸ್ತಕಗಳಿಂದ ತಂದು ಸೇರಿಸಿದ್ದವರು ಅಪ್ಪನೇ. ಹಳೆಯ ಸಾಫ್ಟ್‌ವೇರ್ ಅವನ್ನು ತಾಳೆ ನೋಡುತ್ತಿರಲಿಲ್ಲ. ಅಪ್ಪನೂ ನೋಡಿರಲಿಲ್ಲ.

ಮಂಗಳಗೌರಿ ಪರದೆಯಿಂದ ಅವನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು."

ಅವನು ತಲೆ ಎತ್ತಲಿಲ್ಲ. "ನಾಗಲಮಡಿಕೆಯಲ್ಲಿ ಈಶ್ವರಮ್ಮ ಅಂತ ಒಬ್ಬ ಅಜ್ಜಿ ಇದ್ರು. ಯಾವ್ದೋ ಮಾತಿಗೆ ಕೆಂಪಕ್ಕನ ಹೆಸರು ತೆಗೆದೆ. 'ಇದ್ದರುಂಡ್ರಿ ಗದಪ್ಪಾ' ಅಂದ್ರು. ಇಬ್ರಿದ್ರಲ್ಲಪ್ಪ ಅಂತ. ಹಿರೀ ಕೆಂಪಕ್ಕ ಸತ್ತ ವರ್ಷ ಮಗನ ಮನೇಲೂ ಹೆಣ್ಣು ಹುಟ್ತಂತೆ, ಮಗಳ ಮನೇಲೂ ಹುಟ್ತಂತೆ. ಇಬ್ರಿಗೂ ಅಜ್ಜಿ ಹೆಸರೇ ಇಟ್ರಂತೆ."

ಅಣ್ಣನ ಮಗಳು, ತಂಗಿಯ ಮಗಳು. ಅವರು ಒಬ್ಬರಿಗೊಬ್ಬರು ಅತ್ತಿಗೆ-ನಾದಿನಿಯರು. ಮೇಷ್ಟ್ರ ಮಗಳಿಗೆ ಲೆಕ್ಕ ಹಾಕಲು ಕಂಪ್ಯೂಟರ್ ಬೇಕಿರಲಿಲ್ಲ. ಬೆರಳು ಮಡಚುತ್ತಾ ಒಂದೊಂದೇ ತಲೆಮಾರು ಇಳಿದು ಬಂದಳು. ಕೊನೆಯ ಬೆರಳಿನಲ್ಲಿ ಅವಳು, ಎದುರಿಗೆ ಅವನು.

"ಕೊಟ್ಟು ತರೋ ವರಸೆ," ಎಂದಳು. "ನೀವು ನನಗೆ ಬಾವ ಆಗ್ಬೇಕು."

"ಹೂಂ."

"ಯಾವಾಗ ಗೊತ್ತಾಯ್ತು?"

"ಮದುವೆಯಾಗಿ ವರ್ಷ ಆಗಿತ್ತು. ಜ್ಯೋತಿಗೆ ಏಳು ತಿಂಗಳು."

ಹೊರಗೆ ಯಾರೋ ಸೊಪ್ಪು ಕೂಗಿಕೊಂಡು ಹೋದರು.

"ಒಂದು ಮಾತು ಹೇಳ್ಬಾರದಿತ್ತಾ?"

"ಹೆಂಗ್ ಹೇಳ್ಲಿ ಗೌರಿ? 'ಹೌದು' ಅಂತ ಒತ್ತಿದ್ದು ಈ ಕೈ. ಹೇಳಿದ್ರೆ ಮೇಷ್ಟ್ರು ಬದುಕ್ತಿದ್ರಾ? ನೀನಾದ್ರೂ ಬೇರೆ ಮದುವೆ ಆಗ್ತೀಯ, ಮರೀತೀಯ ಅಂದ್ಕೊಂಡಿದ್ದೆ. ಹೊಸ ವರ್ಷನ್ ಇದನ್ನ ಹಿಡೀತದೆ ಅಂತ ಗೊತ್ತಿತ್ತು, ಇವತ್ತೂ ನಿಂಗೆ ಕಾಣೋಕೆ ಮುಂಚೆ ಸರಿ ಮಾಡ್ಬುಡಾಣ ಅಂತ್ಲೇ ಬಂದಿದ್ದು."

"ಹೋದದ್ದಕ್ಕೆ ಅಳ್ತಿಲ್ಲ ನಾನು." ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. "ಇಷ್ಟು ವರ್ಷ ಪಾಪ ಮಾಡಿದೆ ಅಂದ್ಕೊಂಡಿದ್ದೆ. ನಿಮ್ಮನ್ನ ನೆನೆಸ್ಕೊಂಡಾಗೆಲ್ಲ, ಛೀ, ಅಣ್ಣ ಆಗೋರು ಅಂತ ನನಗೆ ನಾನೇ ಬೈಕೋತಿದ್ದೆ. ಅದೊಂದನ್ನಾದ್ರೂ ಹೇಳ್ಬಹುದಿತ್ತು. ನಿಂದು ತಪ್ಪಿಲ್ಲ ಕಣಮ್ಮ ಅಂತ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇದೊಂದು ಅವನಿಗೆ ಹೊಳೆದೇ ಇರಲಿಲ್ಲ. ಆಗ ಅವಳಿಗೂ ಒಂದು ಮಾತು ಹೊಳೆಯಿತು: ಇಷ್ಟು ವರ್ಷದಲ್ಲಿ ಇವನು ಒಂದು ದಿನವೂ ತನ್ನನ್ನು 'ತಂಗಿ' ಎಂದು ಕರೆದಿರಲಿಲ್ಲ.

"ಒತ್ತಿ," ಎಂದಳು. "ಇನ್ಯಾರದೋ ಮಕ್ಕಳು ನಾಳೆ ವರಸೆ ಕೇಳ್ಕೊಂಡು ಬರ್ತಾರೆ."

"ನೀನೇ ಒತ್ತು ಗೌರಿ. ನಂಗೆ ಧೈರ್ಯ ಇಲ್ಲ."

ಅವಳು 'ಇಬ್ಬರು' ಎಂಬಲ್ಲಿಗೆ ಬಾಣ ತಂದು ಒತ್ತಿದಳು. ಕೊಂಬೆಗಳು ಸರಿದು ಬೇರೆಯಾದವು. ಅಷ್ಟೇ. ಇಂಗ್ಲಿಷ್ ಸಾಫ್ಟ್‌ವೇರಿಗೆ ಬಾವನೂ ಗೊತ್ತಿಲ್ಲ, ಅಣ್ಣನೂ ಗೊತ್ತಿಲ್ಲ. ಅದಕ್ಕೆ ಆಗಲೂ ಇವರು ಕಸಿನ್, ಈಗಲೂ ಕಸಿನ್.

ಫೈಲು ಪೆನ್‌ಡ್ರೈವಿಗೆ ಹೋಯಿತು, ಅಲ್ಲಿಂದ ಲ್ಯಾಪ್‌ಟಾಪಿಗೆ. ಅಪ್ಪನ ಹೆಸರಿಂದ ಹಿಡಿದು ಎಲ್ಲ ಹೆಸರೂ ಸುರಕ್ಷಿತವಾಗಿ ತೆರೆದುಕೊಂಡವು. ಅವನು ಹಳೆಯ ಕಂಪ್ಯೂಟರನ್ನು ಆರಿಸಿದ. ಗೊರಗೊರ ನಿಂತು ಪರದೆ ಕಪ್ಪಾಯಿತು.

ಆ ಗಾಜಿನಲ್ಲಿ ಇಬ್ಬರೂ ಇದ್ದರು. ಕನ್ನಡಕ ಹಾಕಿದ ಅವನು, ಹಿಂದೆ ನರೆತ ತಲೆಯ ಅವಳು. ಯಾರೂ ಅಲುಗಾಡಲಿಲ್ಲ. ಈ ಸಲ ಪರದೆಯನ್ನು ಎಬ್ಬಿಸಲು ಮುಂದಿನ ಹೆಸರು ಇರಲಿಲ್ಲ.

"ನಾಲ್ಕು ಗಂಟೆ ಬಸ್ಸಿದೆ," ಎಂದ ಅವನು ಕೊನೆಗೆ.

ಬಾಗಿಲಲ್ಲಿ ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಾಗ ಅವಳು ಹೊಸ್ತಿಲೊಳಗೆ ನಿಂತು ಹೇಳಿದಳು:

"ಹುಷಾರಾಗಿ ಹೋಗಿ, ಬಾವ."

ಇನ್ನೊಂದು ಚಪ್ಪಲಿ ಅವನ ಕಾಲಿಗೆ ಸಿಗಲಿಲ್ಲ. ಅವಳೇ ಬಗ್ಗಿ ಅದನ್ನು ಮುಂದೆ ಸರಿಸಿದಳು. ಅವನು ಹಿಂದಿರುಗಿ ನೋಡದೆ ಹೋದ. ಬೀದಿಯ ತುದಿಯಲ್ಲಿ, ಬೆಟ್ಟದ ನೆರಳು ಬಿದ್ದ ಜಾಗದಲ್ಲಿ, ಒಮ್ಮೆ ಕಣ್ಣೊರೆಸಿಕೊಂಡದ್ದು ಕಂಡಿತು.

ಸಂಜೆ ಜ್ಯೋತಿಲಕ್ಷ್ಮಿಯ ಫೋನ್ ಬಂತು. "ಗೌರಕ್ಕಾ, ಇವ್ರು ಹೊರಟ್ರಾ? ಫೋನೇ ತೆಗೀತಿಲ್ಲ ನೋಡಿ."

ಮಂಗಳಗೌರಿ ಒಂದು ಕ್ಷಣ ಕಣ್ಣು ಮುಚ್ಚಿದಳು.

"ಹೊರಟ್ರು ಕಣಮ್ಮ. ನಾಲ್ಕು ಗಂಟೆ ಬಸ್ಸಿಗೆ. ಇನ್ನೇನು ಬಂದ್ಬಿಡ್ತಾರೆ ಅಣ್ಣ."

"ಚಟ್ನಿಪುಡಿ ತಿಂದ್ರಾ ಅಕ್ಕಾ? ಖಾರ ಆಯ್ತಾ?"

ಮುಂದಿದ್ದ ತಟ್ಟೆಯಲ್ಲಿ ಪುಡಿ ಕಲಸಿದ ಅನ್ನದ ಮೊದಲ ತುತ್ತು ಹಾಗೇ ಇತ್ತು. ಅವಳು ಅದನ್ನು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇಲ್ಲಮ್ಮ," ಎಂದಳು. "ಒಂಚೂರೂ ಖಾರ ಇಲ್ಲ."