ಬಣ್ಣವಿಲ್ಲದ ಭಾರ

ನನ್ನ ಚಿತ್ರವನ್ನು ನೋಡಿದ್ದೇ ಅವಳು ನಕ್ಕುಬಿಟ್ಟಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಸಾರಿ, ತಪ್ಪು ತಿಳ್ಕೋಬೇಡಿ" ಎಂದಳು. ಕಣ್ಣುಗಳು ಮಾತ್ರ ಇನ್ನೂ ನಗುತ್ತಿದ್ದವು.

ಅವಳು ಖಗೋಳ ಸಂಸ್ಥೆಯ ವಿಜ್ಞಾನಿ. ಜನಸಾಮಾನ್ಯರಿಗೆಂದು ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದಳು. ಚಿತ್ರ ಬಿಡಿಸಬೇಕಾದವನು ನಾನು, ಸಂಜೆ ತರಗತಿಯಲ್ಲಿ ಕುಂಚ ಹಿಡಿಯಲು ಕಲಿತವನು. 'ಡಾರ್ಕ್ ಮ್ಯಾಟರ್' ಎಂದು ಓದಿದವನೇ, ಮೊಟ್ಟೆಯಾಕಾರದ ಗ್ಯಾಲಕ್ಸಿಯ ಮೇಲೆ ಇದ್ದಬದ್ದ ಕಪ್ಪು ಬಣ್ಣವನ್ನೆಲ್ಲ ಸುರಿದಿದ್ದೆ.

"ಡಾರ್ಕ್ ಅಂದ್ರೆ ಕಪ್ಪಲ್ಲ ಕಣ್ರೀ. ಅದು ಕಾಣೋದೇ ಇಲ್ಲ. ಪಾಪ, ನಕ್ಷತ್ರಗಳ ಮುಖಕ್ಕೆಲ್ಲ ಮಸಿ ಬಳಿದುಬಿಟ್ಟಿದ್ದೀರಿ!"

"ಕಾಣದೇ ಇರೋದನ್ನ ಹೇಗೆ ಬಿಡಿಸ್ಲಿ ಮೇಡಂ?"

"ನನ್ನ ಕಷ್ಟಾನೂ ಅದೇ. ಬನ್ನಿ, ಕೂತ್ಕೊಳ್ಳಿ."

ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬಾಹ್ಯಾಕಾಶದ ದೂರದರ್ಶಕವೊಂದು ತೆಗೆದ ಎಕ್ಸ್-ರೇ ಚಿತ್ರ. ನಕ್ಷತ್ರಗಳ ಗುಂಪನ್ನೂ ದಾಟಿ ದೂರದೂರಕ್ಕೆ ಹರಡಿದ ನೀಲಿ ಹೊಳಪು.

"ಇದು ಗ್ಯಾಸ್. ಕೋಟಿ ಡಿಗ್ರಿ ಬಿಸಿ. ಈ ಕಾವಿಗೆ ಯಾವತ್ತೋ ಚದುರಿ ಓಡಿಹೋಗ್ಬೇಕಿತ್ತು. ಹೋಗಿಲ್ಲ. ಯಾಕೆ ಹೇಳಿ?"

"ಯಾರೋ ಹಿಡ್ಕೊಂಡಿದ್ದಾರೆ."

"ಶಭಾಷ್! ನಕ್ಷತ್ರಗಳ ಭಾರ ಎಲ್ಲ ಕೂಡಿಸಿದ್ರೂ ಆ ಹಿಡಿತಕ್ಕೆ ಸಾಲಲ್ಲ. ಗ್ಯಾಸು ಎಲ್ಲಿ ಎಷ್ಟು ಬಿಸಿ, ಎಷ್ಟು ದಟ್ಟ ಅಂತ ಅಳೆದು, ಕಾಣದ ಭಾರಾನ ಲೆಕ್ಕ ಹಾಕ್ತೀವಿ."

ಹೇಳುತ್ತಾ ಹೇಳುತ್ತಾ ಅವಳ ಕೈ ಗಾಳಿಯಲ್ಲಿ ದುಂಡಗೆ ತಿರುಗುತ್ತಿತ್ತು. ಜಡೆಗೆ ಸಿಕ್ಕಿಸಿದ್ದ ಪೆನ್ಸಿಲ್ ಜಾರಿ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಇಷ್ಟು ದೂರದ್ದನ್ನು ಇಷ್ಟು ಹತ್ತಿರದಿಂದ ಪ್ರೀತಿಸುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಒಂದು ಚಿತ್ರದ ನೆಪದಲ್ಲಿ ಇನ್ನೊಂದು, ಅದರ ತಿದ್ದುಪಡಿಗೆ ಮತ್ತೊಂದು ಭೇಟಿ. ಸರಿಯಾಗಿದ್ದ ರೇಖೆಯನ್ನೂ "ಸ್ವಲ್ಪ ನೋಡ್ತೀರಾ" ಎಂದು ಒಯ್ಯುತ್ತಿದ್ದೆ.

ಅಕ್ಕನಿಗೆ ವಾಸನೆ ಹತ್ತಿತು. "ಏನೋ ಗುಬ್ಬಿ, ಕೈ ತಟ್ಟೇಲಿ, ಕಣ್ಣು ಆಕಾಶದಲ್ಲಿ? ನಿನ್ನ ಕೋಟಿ ಡಿಗ್ರಿ ಮೇಡಂಗೆ ಹೇಳಿದ್ಯಾ?"

"ಏನಂತ?"

"ಅಯ್ಯೋ, ಮಳ್ಳ! ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ಆಡ್ಬೇಡ."

ಹೇಳಬೇಕೆಂದೇ ಇದ್ದೆ. ಅಷ್ಟರಲ್ಲಿ ಅವಳಿಗೆ ಬೇರೆ ಊರಿನ ದೊಡ್ಡ ಸಂಸ್ಥೆಯಿಂದ ಕರೆ ಬಂತು. ಅವಳು ಕನಸು ಕಂಡಿದ್ದ ಕೆಲಸ. ಈಗ ಬಾಯಿಬಿಟ್ಟರೆ ಅವಳ ಕಾಲಿಗೆ ತೊಡರಿದಂತಾಗುವುದಿಲ್ಲವೇ? ಅಷ್ಟಕ್ಕೂ ನಾನು ಯಾರು? ಬಾಯಿಗೆ ಬೀಗ ಹಾಕಿಕೊಂಡೆ.

ಕೊನೆಯ ಚಿತ್ರವನ್ನು ಕೊಡಲು ಹೋದ ದಿನ ಅವಳ ಕೋಣೆಯ ಕಪಾಟು ಅರ್ಧ ಖಾಲಿಯಾಗಿತ್ತು. ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಚಿತ್ರದ ನಡುವೆ ನಕ್ಷತ್ರಗಳು, ಸುತ್ತ ತೆಳುನೀಲಿ ಕಾವು. ಅದು ಓಡಿಹೋಗದಂತೆ ಅಂಚಿನಲ್ಲಿ ಮೆಲ್ಲಗೆ ಒಳಬಾಗಿಸಿದ್ದೆ. ಉಳಿದದ್ದು ಬರೀ ಕಾಗದ.

ಅವಳು ತುಂಬ ಹೊತ್ತು ನೋಡಿದಳು. "ಹಿಡಿತ ಕಾಣಿಸ್ತಿದೆ" ಎಂದಳು ಮೆತ್ತಗೆ.

"ಹೊಸ ಕೆಲಸಕ್ಕೆ ಒಳ್ಳೇದಾಗ್ಲಿ ಮೇಡಂ."

"ಅಷ್ಟೇನಾ?"

ನಾನು ನನ್ನ ಚಪ್ಪಲಿಯನ್ನು ನೋಡಿದೆ.

"ನೋಡಿ, ಗ್ಯಾಲಕ್ಸಿಗೆ ಬಾಯಿಲ್ಲ, ಅದಕ್ಕೆ ನಾನು ಲೆಕ್ಕ ಹಾಕ್ತೀನಿ. ನಿಮಗೆ ಬಾಯಿದೆಯಲ್ಲ? ನಿಮ್ಮ ಕಿವಿ ಕೆಂಪಾಗೋದನ್ನ ನೋಡಿ ನೋಡಿ ನಾನೆಷ್ಟು ದಿನ ಅಂದಾಜು ಮಾಡ್ಲಿ?"

"ನಿಮ್ಮ ದಾರಿಗೆ ಅಡ್ಡ ಬರಬಾರದು ಅಂತ..."

"ಅಡ್ಡ ಬನ್ನಿ ಅಂತ ಯಾರಂದ್ರು? ಜೊತೆಗೆ ಬರೋಕೆ ಬರಲ್ವಾ?"

ಜೊತೆಗೆ! ಇಷ್ಟು ಸುಲಭದ ಮಾತು ನನಗೇಕೆ ಹೊಳೆದಿರಲಿಲ್ಲ? ತಲೆಯೆತ್ತಿ ಅವಳನ್ನೇ ನೋಡಿದೆ. "ನೀವಂದ್ರೆ ನನಗೆ ಪ್ರಾಣ. ನಾನೂ ಬರ್ಲಾ?"

ಅವಳ ಕಣ್ಣು ತುಂಬಿತು. ಲ್ಯಾಪ್‌ಟಾಪಿನತ್ತ ತಿರುಗಿ ಟಪಟಪನೆ ಏನೋ ಒತ್ತಿದಳು.

"ಹೊಸ ಸಂಸ್ಥೆಗೆ, ಯಾವತ್ತು ಬರ್ತೀನಿ ಅಂತ ಬರೀತಿದ್ದೀನಿ. ಒಂದು ಸಾಲು ಸೇರಿಸಿದ್ದೀನಿ, ಓದಿ."

ಬಾಗಿ ಓದಿದೆ: 'ನೀವು ಕೊಡುವ ಮನೆ ಇಬ್ಬರಿಗೆ ಆಗುವಂತಿರಲಿ.'

"ಕಳಿಸ್ಲಾ?" ಎಂದಳು.

"ಇರಿ" ಎಂದೆ. "ಕಿಟಕಿ ದೊಡ್ಡದಿರಲಿ ಅಂತಾನೂ ಬರೀರಿ. ನನಗೆ ಚಿತ್ರ ಬಿಡಿಸೋಕೆ ಬೆಳಕು ಬೇಕು."