ಎರಡು ಮನೆಯ ಒಂದೇ ಅಳು

"ಮುಟ್ಟಬೇಡಿ ಅವಳನ್ನ!"

ಕೌಟುಂಬಿಕ ನ್ಯಾಯಾಲಯದ ಆ ಪುಟ್ಟ ಕೊಠಡಿಯಲ್ಲಿ ಅವಳ ಧ್ವನಿ ಸಿಡಿಯಿತು. ಮಗಳ ತಲೆ ಸವರಲು ಚಾಚಿದ ಗಂಡನ ಕೈ ಅರ್ಧದಲ್ಲೇ ನಿಂತಿತು.

ಬೇರೆಯಾಗಿ ಒಂದು ವರ್ಷ. ಮಗಳನ್ನು ಪ್ರತಿ ಶನಿವಾರ ತಂದೆಯ ಮನೆಗೆ ಬಿಟ್ಟು ಬರುವುದೂ ಕರೆತರುವುದೂ ಅವಳ ಅಣ್ಣನ ಕೆಲಸವಾಗಿತ್ತು. ಗಂಡ ಹೆಂಡತಿ ಇಷ್ಟು ಸಮೀಪ ನಿಂತದ್ದು ಇಂದೇ.

ಅವನ ಅಂಗಿಯಿಂದ ಈಜುಕೊಳದ ಔಷಧಿಯ ವಾಸನೆ ತೇಲಿ ಬಂತು. ಹಿಂದೆ ಆ ವಾಸನೆಗೆ ಅವಳು ಮೂಗು ಮುರಿಯುತ್ತಿದ್ದಳು. ಇಂದು ಅದಕ್ಕೇ ಎದೆ ಹಿಂಡಿದಂತಾಗುತ್ತಿದೆ, ಏಕೆ...?

ಅವನು ಮಕ್ಕಳಿಗೆ ಈಜು ಕಲಿಸುವ ಶಿಕ್ಷಕ. ಒಂದು ದಿನ ಅವಳಿಗೆ ತಿಳಿಸದೆ ಮಗಳನ್ನು ಆಳದ ನೀರಿಗೆ ಇಳಿಸಿದ್ದ. ಕೊಳದ ದಡದಲ್ಲಿ, ಅವನ ಶಿಷ್ಯರೆಲ್ಲರ ಎದುರಿನಲ್ಲೇ, "ಅಪ್ಪ ಅನ್ನಿಸಿಕೊಳ್ಳೋ ಯೋಗ್ಯತೆ ನಿಮಗಿಲ್ಲ!" ಎಂದು ಅವಳು ಕೂಗಿದ್ದಳು. ಮಗಳನ್ನು ಕರೆದುಕೊಂಡು, ಹೊಲಿಗೆ ಯಂತ್ರವನ್ನು ಹೊರಿಸಿಕೊಂಡು ಬೇರೆ ಮನೆ ಹಿಡಿದಳು. ಬಂದು ಕರೆಯುತ್ತಾನೆಂದು ಇವಳು ಕಾದಳು. ತಾನಾಗಿ ಮರಳುತ್ತಾಳೆಂದು ಅವನು ಕಾದ. ಕಾದು ಸೋತ ಮೇಲೆ ಇಬ್ಬರ ಮಾತನ್ನೂ ವಕೀಲರೇ ಆಡತೊಡಗಿದರು!

ಈಗ ಮಗಳು ಪೂರ್ತಿಯಾಗಿ ತನಗೇ ಬೇಕೆಂದು ಇಬ್ಬರೂ ಅರ್ಜಿ ಹಾಕಿದ್ದರು. ತೀರ್ಮಾನದ ದಿನ ಇಂದೇ.

"ಮಗು ಅಪ್ಪನ ಮನೇಲಿ ಅಳುತ್ತಲ್ಲಮ್ಮಾ, ಅದೇ ನಮಗೆ ಬಲ!" ಎಂದು ಅವಳ ವಕೀಲರು ಬೆಳಿಗ್ಗೆ ಕೈ ಉಜ್ಜಿಕೊಂಡಿದ್ದರು.

ಕೂಸಿನ ಕಣ್ಣೀರು ಬಲವಂತೆ! ಅಂತಹ ನಾಚಿಕೆಗೆಟ್ಟ ಮಾತಿಗೆ ಹೆತ್ತವಳೂ ತಲೆಯಾಡಿಸಿದ್ದಳು.

"ಇಬ್ಬರೂ ಕೂತ್ಕೊಳ್ಳಿ," ಎಂದರು ನ್ಯಾಯಾಲಯದ ಆಪ್ತಸಮಾಲೋಚಕಿ. "ಪಾಲು ಮಾಡ್ಕೊಳ್ಳೋಕೆ ಮಗು ಏನು ಸೈಟಾ? ನಿಮ್ಮಿಬ್ಬರಲ್ಲಿ ಯಾರು ಗೆದ್ರು ಅಂತ ಕೋರ್ಟು ನೋಡಲ್ಲ. ಅವಳಿಗೆ ಯಾವುದು ಒಳ್ಳೇದು ಅಂತ ನೋಡುತ್ತೆ. ಅಪ್ಪನೂ ಬೇಕು, ಅಮ್ಮನೂ ಬೇಕು ಅನ್ನೋದು ಅವಳ ಹಕ್ಕು. ಮತ್ತೆ ನಿಮಗ್ಯಾಕೆ ಒಬ್ಬರಿಗೇ ಬೇಕು?"

"ಇವರ ಮನೇಲಿ ಅವಳು ಅಳ್ತಾಳೆ, ಮೇಡಂ! ಇವರು ಮಾಡಿದ್ದೆಲ್ಲ ಸೀದಿರುತ್ತಂತೆ. ಹಸ್ಕೊಂಡೇ ಮಲಗ್ತಾಳಂತೆ!"

ಅವನು ಬೆಚ್ಚಿ ತಲೆಯೆತ್ತಿದ. "ನನ್ನ ಮನೇಲಾ? ಅವಳು ಅಳೋದು ನಿನ್ನ ಮನೇಲಿ! ನೀನು ದಿನವಿಡೀ ಮಷಿನ್ ತುಳೀತಾ ಇರ್ತೀಯಂತೆ, ಒಂದು ಮಾತೂ ಆಡಲ್ವಂತೆ."

"ನಾನಾ?! ಮಷಿನ್ ಪಕ್ಕಾನೇ ಕೂತು ಚಿಂದಿಬಟ್ಟೇಲಿ ನನ್ನ ಕೈಲಿ ಬೊಂಬೆ ಮಾಡಿಸ್ಕೊಳ್ತಾಳೆ. ಅವಳ ಬಾಯಿ ಮುಚ್ಚಿಸೋದೇ ನನಗೊಂದು ಕೆಲಸ!"

"ನಾನೂ ಅವಳನ್ನ ಉಪವಾಸ ಕೆಡವಿಲ್ಲ. ಅವಳ ಹರಟೆ ಕೇಳ್ತಾ ಒಲೆ ಮರ್ತು... ಎರಡು ಸಲ ಸೀದಿದ್ದು ನಿಜ."

ಇಬ್ಬರ ಕಣ್ಣುಗಳೂ ಒಟ್ಟಿಗೆ ಮಗಳತ್ತ ಹೊರಳಿದವು.

"ಗುಬ್ಬೀ..." ಅವಳು ಮಗಳ ಗಲ್ಲ ಹಿಡಿದಳು. "ಯಾಕಮ್ಮಾ ಹಾಗೆ ಹೇಳ್ದೆ?"

ಗುಬ್ಬಿ ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಮೊದಲ್ನೇ ಸಲ, ಅಪ್ಪನ ಮನೇಲಿ ತುಂಬಾ ಮಜಾ ಇತ್ತು ಅಂದೆ. ನೀನು ಬಚ್ಚಲಿಗೆ ಹೋಗಿ ಅತ್ತೆ... ಅಪ್ಪನ ಹತ್ರ, ಅಮ್ಮ ಬೊಂಬೆ ಮಾಡಿಕೊಟ್ಲು ಅಂದೆ, ಅಪ್ಪ ಊಟಾನೇ ಮಾಡ್ಲಿಲ್ಲ. ಆ ಮನೇಲಿ ನಾನು ಅತ್ತೆ ಅಂದ್ರೆ ಇಬ್ಬರೂ ನನ್ನ ತಬ್ಕೊಳ್ತೀರ. ಅದಕ್ಕೇ..."

ಇಬ್ಬರು ಹಿರಿಯರನ್ನು ಸಂತೈಸಲು ಏಳು ವರ್ಷದ ಕೂಸು ಸುಳ್ಳು ಕಲಿಯಬೇಕಾಯಿತು! ಈ ಅಪರಾಧಕ್ಕೆ ಯಾವ ಕಾನೂನಿನಲ್ಲಿ ಶಿಕ್ಷೆಯಿದೆ?

ಅವಳು ಮಗಳನ್ನು ಎದೆಗೊತ್ತಿಕೊಂಡು ಬಿಕ್ಕಿದಳು. ಅವನ ಕೈ ಮತ್ತೆ ಮಗಳತ್ತ ಚಾಚಿತು. ಈ ಸಲ ಅವಳು ತಡೆಯಲಿಲ್ಲ.

"ನನಗೆ ಈ ಅರ್ಜಿ ಬೇಡ, ಮೇಡಂ," ಎಂದಳು.

"ನನಗೂ ಬೇಡ."

"ಹಾಗಾದ್ರೆ ಇಬ್ಬರೂ ಸೇರಿ ನೋಡ್ಕೊಳ್ತೀವಿ ಅಂತ ಜಡ್ಜ್ ಮುಂದೆ ಹೇಳಿ. ಶಾಲೆ, ಆಸ್ಪತ್ರೆ, ರಜಾ... ಎಲ್ಲ ಕೂತು ಮಾತಾಡಿ ತೀರ್ಮಾನ ಮಾಡಿ. ಗಂಡ ಹೆಂಡತಿ ವಿಷಯ ಮಾತ್ರ ನಾನು ಹೇಳೋದಲ್ಲ," ಎಂದು ಆಪ್ತಸಮಾಲೋಚಕಿ ನಸುನಕ್ಕರು.

ನ್ಯಾಯಾಧೀಶರು ಒಪ್ಪಿದರು. ಹೊರಗಿನ ಮೆಟ್ಟಿಲುಗಳ ಮೇಲೆ ಗುಬ್ಬಿ ಕುಪ್ಪಳಿಸುತ್ತಾ ಮುಂದೆ ಇಳಿದಳು.

"ಅವತ್ತು ನಿನಗೆ ಹೇಳದೆ ಅವಳನ್ನ ನೀರಿಗಿಳಿಸಬಾರದಿತ್ತು," ಎಂದ ಅವನು. "ನೀರಂದ್ರೆ ನಿನಗೆ ಭಯ ಅಂತ ನನಗೆ ಗೊತ್ತಿತ್ತು. ಆದ್ರೂ..."

"ಅಷ್ಟು ಜನರ ಮುಂದೆ ನಾನೂ ಹಾಗನ್ನಬಾರದಿತ್ತು." ಅವಳು ತಲೆ ತಗ್ಗಿಸಿದಳು. "ಆಮೇಲೆ... ಬರ್ತೀರಿ ಅಂತ ಎಷ್ಟು ಕಾದೆ ಗೊತ್ತಾ?"

"ನನ್ನ ಮುಖ ನೋಡೋಕೂ ನಿನಗೆ ಇಷ್ಟ ಇಲ್ಲ ಅಂದ್ಕೊಂಡೆ."

'ಕನಸಿನಲ್ಲೂ ಅದೇ ಮುಖ...' ಎಂದು ಅವಳ ಮನಸ್ಸು ಚೀರಿತು.

"ಈ ಶನಿವಾರ ಗುಬ್ಬೀನ ಕರ್ಕೊಂಡು ಹೋಗೋಕೆ ನಾನೇ ಬರ್ಲಾ? ಬಾಗಿಲಲ್ಲೇ ನಿಂತಿರ್ತೀನಿ."

"ಬಾಗಿಲಲ್ಲೇ ನಿಲ್ಲೋದಾದ್ರೆ ಬರಬೇಡಿ."

ಅವನ ಮುಖ ಬಾಡಿತು. ಅವಳು ಕಣ್ಣೊರೆಸಿಕೊಂಡು, ವರ್ಷದ ನಂತರ ಮೊದಲ ಬಾರಿಗೆ ಅವನನ್ನು ನೇರವಾಗಿ ನೋಡಿದಳು.

"ಒಳಗೆ ಬರೋದಾದ್ರೆ... ಶನಿವಾರದ ತನಕ ಯಾಕೆ ಕಾಯ್ತೀರಿ?"